ಕಣ್ಣಿಗೆ ಹನಿ ಹಾಕುವ ಮೊದಲು ಮನಸ್ಸಿಗೆ ಮಾತು

ಪೊರೆ ತೆಗೆಸಬೇಕು ಎಂದು ಕಣ್ಣಿನ ಡಾಕ್ಟರು ಹೇಳಿದ ದಿನದಿಂದ ಆಪರೇಷನ್ ಮುಗಿಯುವ ದಿನದವರೆಗೆ ಎಷ್ಟೋ ಹಿರಿಯರಿಗೆ ನಿದ್ದೆ ಸರಿಯಾಗಿ ಹತ್ತುವುದಿಲ್ಲ. ಮೂರು ನಾಲ್ಕು ಹೆರಿಗೆ ಕಂಡವರು, ಹೊಟ್ಟೆಯ ದೊಡ್ಡ ಆಪರೇಷನ್ ಮಾಡಿಸಿಕೊಂಡು ಎದ್ದು ಓಡಾಡಿದವರು, ಮನೆಯ ಎಲ್ಲ ಕಷ್ಟಕ್ಕೂ ಎದೆಗೊಟ್ಟು ನಿಂತವರು ಕಣ್ಣಿನ ಮಾತು ಬಂದ ಕೂಡಲೇ ಕುಗ್ಗಿಬಿಡುತ್ತಾರೆ. ‘ಇನ್ನೊಂದು ವರ್ಷ ನೋಡೋಣ’, ‘ಹಬ್ಬ ಕಳೆಯಲಿ’, ‘ಮೊಮ್ಮಗಳ ಮದುವೆ ಮುಗಿಯಲಿ’ ಎಂದು ದಿನ ತಳ್ಳುತ್ತಾರೆ. ಮಕ್ಕಳು ‘ಹದಿನೈದು ನಿಮಿಷದ ಕೆಲಸಕ್ಕೆ ಇಷ್ಟೊಂದು ಹೆದರಿಕೆಯೇ’ ಎನ್ನುತ್ತಾರೆ. ಆ ಮಾತಿನಿಂದ ಹೆದರಿಕೆ ಹೋಗುವುದಿಲ್ಲ. ಅದನ್ನು ಹೇಳಿಕೊಳ್ಳುವುದು ನಿಂತುಹೋಗುತ್ತದೆ, ಅಷ್ಟೆ.

ಆಪರೇಷನ್‌ಗೆ ಕಣ್ಣನ್ನು ಸಿದ್ಧಮಾಡುವ ಕ್ರಮ ನಮ್ಮಲ್ಲಿ ಚೆನ್ನಾಗಿ ರೂಢಿಯಾಗಿದೆ. ರಕ್ತ ಪರೀಕ್ಷೆ, ಶುಗರ್, ಬಿಪಿ, ಇಸಿಜಿ, ಲೆನ್ಸಿನ ಅಳತೆ, ಹನಿ ಔಷಧ, ಎಲ್ಲವೂ ಪಟ್ಟಿಯ ಪ್ರಕಾರ ನಡೆಯುತ್ತವೆ. ಮನಸ್ಸನ್ನು ಸಿದ್ಧಮಾಡುವ ಕೆಲಸ ಬಹಳ ಕಡೆ ಆ ಪಟ್ಟಿಯಲ್ಲಿ ಇರುವುದಿಲ್ಲ. ಅದು ಇರಲೇಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಕಣ್ಣಿನ ಆಪರೇಷನ್‌ನ ಭಯಕ್ಕೆ ಸಕಾರಣಗಳಿವೆ, ಆ ಕಾರಣಗಳಿಗೆ ಉತ್ತರವೂ ಇದೆ. ಏನಾಗುತ್ತದೆ ಎಂಬುದನ್ನು ಮುಂಚೆಯೇ, ಬಿಡಿಸಿ, ಕೇಳುವವರ ಆಡುಮಾತಿನಲ್ಲಿ ಹೇಳುವುದೂ ಚಿಕಿತ್ಸೆಯ ಒಂದು ಭಾಗ.

ಭಯದ ಬೇರು

ಏನಾದರೂ ಕಣ್ಣಿನ ಹತ್ತಿರ ಬಂದರೆ ನಾವು ಯೋಚಿಸುವ ಮೊದಲೇ ರೆಪ್ಪೆ ಮುಚ್ಚಿಕೊಳ್ಳುತ್ತದೆ. ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದಲ್ಲಿ ನರಗಳ ತುದಿಗಳು ಅಷ್ಟು ದಟ್ಟವಾಗಿವೆ. ಒಂದು ಧೂಳಿನ ಕಣ ಬಿದ್ದರೂ ಜೀವ ಚಡಪಡಿಸುತ್ತದೆ. ದೇಹ ಇಷ್ಟು ಎಚ್ಚರದಿಂದ ಕಾಯ್ದುಕೊಂಡ ಜಾಗಕ್ಕೆ ಇನ್ನೊಬ್ಬರು ಉಪಕರಣ ತರುತ್ತಾರೆ ಎಂದರೆ ಮನಸ್ಸು ಹಿಂಜರಿಯುವುದು ಸಹಜ. ಅದೂ ಎಚ್ಚರವಾಗಿರುವಾಗಲೇ. ಹೊಟ್ಟೆಯ ದೊಡ್ಡ ಆಪರೇಷನ್‌ನಲ್ಲಿ ಸಾಮಾನ್ಯವಾಗಿ ನಿದ್ದೆ ಬರಿಸುತ್ತಾರೆ, ಎದ್ದಾಗ ಎಲ್ಲ ಮುಗಿದಿರುತ್ತದೆ. ಪೊರೆಯ ಆಪರೇಷನ್‌ನಲ್ಲಿ ಹೆಚ್ಚಿನವರು ಮಾತು ಕೇಳುತ್ತಾ, ಬೆಳಕು ಕಾಣುತ್ತಾ ಮಲಗಿರುತ್ತಾರೆ.

ಇದರ ಹಿಂದೆ ಇನ್ನೂ ದೊಡ್ಡದೊಂದು ಆತಂಕ ಇದೆ. ಕಣ್ಣು ಹೋದರೆ ಓದುವುದು, ಹೊಲಿಯುವುದು, ದನಕ್ಕೆ ಮೇವು ಹಾಕುವುದು, ಬಸ್ಸಿನ ಬೋರ್ಡು ನೋಡುವುದು, ಕತ್ತಲಲ್ಲಿ ಬಚ್ಚಲಿಗೆ ಒಬ್ಬರೇ ಹೋಗಿಬರುವುದು ಎಲ್ಲವೂ ಒಟ್ಟಿಗೆ ಹೋಗುತ್ತವೆ. ‘ಮಂಜೋ ಮಸುಕೋ, ಇಷ್ಟಾದರೂ ಕಾಣುತ್ತಿದೆ, ಇದೂ ಹೋದರೆ ಮಕ್ಕಳಿಗೆ ಭಾರವಾಗಿಬಿಡುತ್ತೇನೆ’ ಎಂಬುದು ಬಹುತೇಕ ಹಿರಿಯರು ಬಾಯಿಬಿಟ್ಟು ಆಡದ ಮಾತು. ಇರುವ ಅಲ್ಪವನ್ನು ಪಣಕ್ಕಿಡುತ್ತಿದ್ದೇನೆ ಎಂದು ಅವರಿಗೆ ಅನಿಸುತ್ತದೆ.

ಮತ್ತೊಂದು ಕಾರಣ ನೆನಪು. ಇಂದು ಎಪ್ಪತ್ತೈದು ದಾಟಿದವರು ಚಿಕ್ಕಂದಿನಲ್ಲಿ ಕಂಡ ಕಣ್ಣಿನ ಆಪರೇಷನ್ ಬೇರೆಯೇ ಇತ್ತು. ದೊಡ್ಡ ಗಾಯ, ಹೊಲಿಗೆ, ಕಣ್ಣಿಗೆ ಪಟ್ಟಿ, ತಲೆ ಅಲುಗಿಸದೆ ದಿನಗಟ್ಟಲೆ ಅಂಗಾತ ಮಲಗುವುದು, ಕೆಮ್ಮಿದರೂ ಬೈಗುಳ. ಇಷ್ಟೆಲ್ಲ ಆದ ಮೇಲೂ ಮೂಗಿನ ಮೇಲೆ ಭಾರವಾದ ಸೋಡಾಗ್ಲಾಸ್ ಕನ್ನಡಕ. ಅದನ್ನು ಕಣ್ಣಾರೆ ಕಂಡವರಿಗೆ ‘ಈಗ ಹಾಗಿಲ್ಲ’ ಎಂದು ಒಂದು ಸಾಲಿನಲ್ಲಿ ಹೇಳಿದರೆ ಸಾಲದು. ಏನು ಬದಲಾಗಿದೆ, ಹೇಗೆ ಬದಲಾಗಿದೆ ಎಂದು ಹೇಳಬೇಕು.

ಏನು ಬದಲಾಗಿದೆ

ಕಣ್ಣಿನ ಪಾಪೆಯ ಹಿಂದೆ ಒಂದು ಸಹಜ ಲೆನ್ಸ್ ಇದೆ. ಅದು ನೀರು ಮತ್ತು ಪ್ರೋಟೀನುಗಳಿಂದ ಆದದ್ದು. ವಯಸ್ಸಾದಂತೆ ಆ ಪ್ರೋಟೀನುಗಳು ಗಂಟುಕಟ್ಟಿ, ಕಾವಿಗೆ ಮೊಟ್ಟೆಯ ಲೋಳೆ ಬೆಳ್ಳಗಾಗುವಂತೆ, ಲೆನ್ಸ್ ತಿಳಿ ಕಳೆದುಕೊಳ್ಳುತ್ತದೆ. ಅದೇ ಪೊರೆ. ಡಯಾಬಿಟಿಸ್, ಬಹುಕಾಲ ತೆಗೆದುಕೊಂಡ ಸ್ಟೀರಾಯ್ಡ್, ಬೀಡಿ ಸಿಗರೇಟು, ಕಣ್ಣಿಗೆ ಬಿದ್ದ ಪೆಟ್ಟು ಇದನ್ನು ಬೇಗ ತರುತ್ತವೆ. ಹನಿ ಔಷಧದಿಂದಾಗಲಿ, ಮಾತ್ರೆಯಿಂದಾಗಲಿ, ಸೊಪ್ಪಿನ ರಸದಿಂದಾಗಲಿ ಅದು ಕರಗುವುದಿಲ್ಲ. ಮಸುಕಾದ ಲೆನ್ಸ್ ತೆಗೆದು ತಿಳಿಯಾದ ಲೆನ್ಸ್ ಇಡುವುದೊಂದೇ ಪರಿಹಾರ.

ಈ ಸಮಸ್ಯೆಯೊಂದಿಗೆ ನಮ್ಮ ದೇಶದ ನಂಟು ಹಳೆಯದು. ಪೊರೆಗಟ್ಟಿದ ಲೆನ್ಸನ್ನು ದೃಷ್ಟಿಯ ದಾರಿಯಿಂದ ಪಕ್ಕಕ್ಕೆ ಸರಿಸುವ ವಿಧಾನ ಸುಶ್ರುತ ಸಂಹಿತೆಯಲ್ಲಿಯೇ ಇದೆ. ಆದರೆ ಕಣ್ಣನ್ನು ಮರಗಟ್ಟಿಸುವ ಔಷಧ ಸಿಕ್ಕಿದ್ದು ತೀರಾ ಈಚೆಗೆ. 1884ರಲ್ಲಿ ವಿಯೆನ್ನಾದ ಯುವ ವೈದ್ಯ ಕಾರ್ಲ್ ಕಾಲರ್, ಕೊಕೇನ್ ದ್ರಾವಣದ ಹನಿ ಹಾಕಿದರೆ ಕಣ್ಣಿಗೆ ಸ್ಪರ್ಶವೂ ತಿಳಿಯುವುದಿಲ್ಲ ಎಂದು ತೋರಿಸಿದರು. ಕಣ್ಣಿಗಷ್ಟೇ ಅರಿವಳಿಕೆ ಕೊಡುವ ಪದ್ಧತಿ ಶುರುವಾದದ್ದು ಅಲ್ಲಿಂದ. ಇಂದು ಬಳಸುವುದು ಅದಕ್ಕಿಂತ ಬಹಳ ಸುರಕ್ಷಿತವಾದ ಬೇರೆ ಔಷಧಗಳನ್ನು. 1949ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಹೆರಾಲ್ಡ್ ರಿಡ್ಲಿ ಮೊದಲ ಬಾರಿಗೆ ಕಣ್ಣಿನೊಳಗೆ ಕೃತಕ ಲೆನ್ಸ್ ಇಟ್ಟರು. ಎರಡನೇ ಮಹಾಯುದ್ಧದ ವಿಮಾನ ಚಾಲಕರ ಕಣ್ಣಿಗೆ ಕಾಕ್‌ಪಿಟ್ಟಿನ ಅಕ್ರಿಲಿಕ್ ಚೂರುಗಳು ಹೊಕ್ಕರೂ ಕಣ್ಣು ಅವನ್ನು ಸಹಿಸಿಕೊಂಡಿತ್ತು. ಅದನ್ನು ಗಮನಿಸಿಯೇ ಅವರಿಗೆ ಈ ವಿಚಾರ ಹೊಳೆದದ್ದು. ಸೋಡಾಗ್ಲಾಸ್ ಕನ್ನಡಕಕ್ಕೆ ಕೊನೆ ಹಾಡಿದ್ದು ಈ ಪ್ರಯೋಗ. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್, ದಂತವೈದ್ಯರ ಕಂಪಿಸುವ ಉಪಕರಣದಿಂದ ಸ್ಫೂರ್ತಿ ಪಡೆದು, ಲೆನ್ಸನ್ನು ಕಣ್ಣಿನೊಳಗೇ ಪುಡಿಮಾಡಿ ಹೀರಿ ತೆಗೆಯುವ ‘ಫೇಕೋ’ ವಿಧಾನ ತಂದರು. ಹಾಗಾಗಿ ಇಂದು ಮೂರು ಮಿಲಿಮೀಟರಿಗಿಂತ ಚಿಕ್ಕ ಗಾಯ ಸಾಕು. ಮಡಿಚಿದ ಲೆನ್ಸ್ ಅದರ ಮೂಲಕ ಒಳಗೆ ಹೋಗಿ ಬಿಚ್ಚಿಕೊಳ್ಳುತ್ತದೆ. ಸಾಮಾನ್ಯವಾಗಿ ಹೊಲಿಗೆ ಬೇಡ, ಅದೇ ದಿನ ಮನೆಗೆ ಹೋಗಬಹುದು.

ಬೆಲೆಯೂ ಕೈಗೆಟುಕುವಂತಾಯಿತು. ಮಧುರೈನಲ್ಲಿ 1976ರಲ್ಲಿ ಡಾ. ಜಿ. ವೆಂಕಟಸ್ವಾಮಿ 11 ಹಾಸಿಗೆಗಳಿಂದ ಆರಂಭಿಸಿದ ಅರವಿಂದ ಕಣ್ಣಿನ ಆಸ್ಪತ್ರೆ, 1992ರಲ್ಲಿ ‘ಆರೋಲ್ಯಾಬ್’ ಕಟ್ಟಿ ಲೆನ್ಸುಗಳನ್ನು ಇಲ್ಲಿಯೇ ತಯಾರಿಸಿತು. ಅಲ್ಲಿಯವರೆಗೆ ಹೊರದೇಶದಿಂದ ಬರುತ್ತಿದ್ದ ದುಬಾರಿ ಲೆನ್ಸು ಬಡವರ ಕಣ್ಣಿಗೂ ದಕ್ಕಿತು.

ಕರ್ನಾಟಕದಲ್ಲಿ ಕಣ್ಣಿನ ಆಪರೇಷನ್‌ನ ಭಯವನ್ನು ಒಡೆದವರಲ್ಲಿ ಮೊದಲು ನೆನೆಯಬೇಕಾದವರು ಡಾ. ಎಂ.ಸಿ. ಮೋದಿ. ಬೀಳಗಿಯಲ್ಲಿ ಹುಟ್ಟಿದ ಅವರು ಆಸ್ಪತ್ರೆಗೆ ಬರಲಾರದವರ ಊರಿಗೇ ಆಪರೇಷನ್ ಕೊಂಡೊಯ್ದರು. ಒಂದೇ ದಿನದಲ್ಲಿ ನೂರಾರು ಆಪರೇಷನ್ ಮಾಡಿದ ಅವರ ಶಿಬಿರಗಳ ವೇಗದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಆ ಶಿಬಿರಗಳಲ್ಲಿ ಇನ್ನೊಂದು ಒಳ್ಳೆಯದೂ ಇತ್ತು: ಅಲ್ಲಿ ಯಾರೂ ಒಬ್ಬಂಟಿಯಾಗಿ ಹೆದರಬೇಕಾಗಿರಲಿಲ್ಲ. ಅಕ್ಕಪಕ್ಕದ ಚಾಪೆಯಲ್ಲಿ ತಮ್ಮೂರಿನವರೇ ಇರುತ್ತಿದ್ದರು. ನಿನ್ನೆ ಆಪರೇಷನ್ ಆದವರು ಇಂದು ಆಗಬೇಕಾದವರಿಗೆ ‘ಹಿಂಗಿಂಗಾಗ್ತದ, ಹೆದರಬ್ಯಾಡ’ ಎಂದು ಹೇಳುತ್ತಿದ್ದರು. ಇಂದಿನ ಆಸ್ಪತ್ರೆಗಳು ಅಂದಿನ ಶಿಬಿರಗಳಿಗಿಂತ ಎಷ್ಟೋ ಪಾಲು ಸುರಕ್ಷಿತ. ಆ ಮಾತುಕತೆ ಮಾತ್ರ ಕಡಿಮೆಯಾಗಿದೆ.

ಹನ್ನೊಂದು ವರ್ಷ ಹೆದರಿದ ಚಿತ್ರಕಾರ

ಈ ಭಯ ಹಳ್ಳಿಯವರದು, ಓದದವರದು ಎಂದು ಭಾವಿಸುವವರು ಫ್ರಾನ್ಸಿನ ಕ್ಲಾಡ್ ಮೋನೆಯ ಕಥೆಯನ್ನು ತಿಳಿಯಬೇಕು. ಬೆಳಕು ಮತ್ತು ಬಣ್ಣವನ್ನು ನೋಡುವುದರಲ್ಲಿಯೇ ಬದುಕು ಸವೆಸಿದ ಈ ಚಿತ್ರಕಾರನಿಗೆ ಎರಡೂ ಕಣ್ಣುಗಳಲ್ಲಿ ಪೊರೆ ಬಂದಿದೆ ಎಂದು ವೈದ್ಯರು ಹೇಳಿದ್ದು 1912ರಲ್ಲಿ. ಬಲಗಣ್ಣಿನ ಆಪರೇಷನ್ ಆದದ್ದು 1923ರಲ್ಲಿ, 82ನೇ ವಯಸ್ಸಿನಲ್ಲಿ. ನಡುವಿನ ಹನ್ನೊಂದು ವರ್ಷ ಅವರು ಹೆದರಿ ಮುಂದೂಡಿದರು. ಹೆದರಿಕೆಗೆ ಆಧಾರವೂ ಇತ್ತು. ಅವರಿಗೆ ಗೊತ್ತಿದ್ದ ಕಲಾವಿದರಾದ ಹೊನೊರೆ ಡೊಮಿಯೆ ಮತ್ತು ಮೇರಿ ಕಸಾಟ್ ಇಬ್ಬರಿಗೂ ಕಣ್ಣಿನ ಆಪರೇಷನ್ ಫಲ ಕೊಟ್ಟಿರಲಿಲ್ಲ. ಇತ್ತ ಬಣ್ಣಗಳು ಗುರುತು ಸಿಗದಾದವು; ಟ್ಯೂಬಿನ ಮೇಲಿನ ಚೀಟಿಯನ್ನೂ ಪ್ಯಾಲೆಟ್ಟಿನಲ್ಲಿ ಬಣ್ಣ ಇಟ್ಟ ಸಾಲನ್ನೂ ನಂಬಿ ಚಿತ್ರ ಬರೆಯಬೇಕಾಯಿತು.

ಕೊನೆಗೆ ಅವರನ್ನು ಒಪ್ಪಿಸಿದ್ದು ಗೆಳೆಯ ಜಾರ್ಜ್ ಕ್ಲೆಮಾನ್ಸೊ. ಅವರು ಫ್ರಾನ್ಸಿನ ಪ್ರಧಾನಿಯಾಗಿದ್ದವರು, ವೈದ್ಯಕೀಯ ಓದಿದವರೂ ಹೌದು. ವೈದ್ಯ ಶಾರ್ಲ್ ಕುಟೆಲಾ ಆಪರೇಷನ್ ಮಾಡಿದರು. ಆಮೇಲೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಅಲುಗದೆ ಮಲಗಬೇಕಾದ ದಿನಗಳನ್ನು ಮೋನೆಗೆ ತಡೆಯಲಾಗಲಿಲ್ಲ; ಪಟ್ಟಿ ಕೀಳಲು ಹೋದರು, ಸಿಟ್ಟಾದರು. ಎದ್ದು ನೋಡಿದರೆ ಬಣ್ಣಗಳು ಮೊದಲಿನಂತಿರಲಿಲ್ಲ, ನೀಲಿ ಹೆಚ್ಚಾಗಿ ಕಾಣುತ್ತಿತ್ತು. ಆಪರೇಷನ್ ಮಾಡಿಸಿಕೊಂಡದ್ದೇ ತಪ್ಪಾಯಿತೆಂದು ಹಲುಬಿದರು. ತಕ್ಕ ಕನ್ನಡಕ ಸಿಕ್ಕಿ, ಕಣ್ಣು ಹೊಂದಿಕೊಂಡ ಮೇಲೆ ಮತ್ತೆ ಕುಂಚ ಹಿಡಿದರು. ಪ್ಯಾರಿಸ್ಸಿನ ಒರಾಂಜೆರಿ ಸಂಗ್ರಹಾಲಯದಲ್ಲಿರುವ ನೈದಿಲೆಯ ಬೃಹತ್ ಚಿತ್ರಗಳ ಕೆಲಸವನ್ನು ಮುಂದುವರಿಸಿದ್ದು ಆ ಕಣ್ಣಿನಿಂದಲೇ. ಎಡಗಣ್ಣಿನ ಆಪರೇಷನ್‌ಗೆ ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ.

ಈ ಕಥೆಯಲ್ಲಿ ಎರಡು ಪಾಠಗಳಿವೆ. ನಂಬಿಕೆಯ ವ್ಯಕ್ತಿಯೊಬ್ಬರು ಕುಳಿತು ಮಾತಾಡಿದಾಗ ಹನ್ನೊಂದು ವರ್ಷದ ಭಯವೂ ಸಡಿಲವಾಗುತ್ತದೆ. ಆದರೆ ಆಪರೇಷನ್ ಆದ ಮೇಲೆ ಏನು ಕಾಣುತ್ತದೆ, ಎಷ್ಟು ದಿನ ಹೊಂದಿಕೊಳ್ಳಬೇಕು ಎಂಬುದಕ್ಕೆ ಮನಸ್ಸು ಸಿದ್ಧವಾಗಿರದಿದ್ದರೆ ಚೆನ್ನಾಗಿ ಆದ ಆಪರೇಷನ್ ಕೂಡ ಸೋಲಿನಂತೆ ತೋರುತ್ತದೆ.

ಕೇಳಲು ಹಿಂಜರಿಯುವ ಪ್ರಶ್ನೆಗಳು

ನಮ್ಮ ಮನೆಗಳಲ್ಲಿ ಪಿಸುಮಾತಿನಲ್ಲಿ ಓಡಾಡುವ ಕೆಲವು ಪ್ರಶ್ನೆಗಳಿಗೆ ಇಲ್ಲಿ ನೇರ ಉತ್ತರ ಕೊಡುತ್ತೇನೆ.

‘ಕಣ್ಣನ್ನು ಹೊರಗೆ ತೆಗೆದಿಟ್ಟು ಮತ್ತೆ ಕೂರಿಸುತ್ತಾರಂತೆ, ನಿಜವೇ?’ ಖಂಡಿತ ಇಲ್ಲ. ಕಣ್ಣು ಗುಡ್ಡೆಯನ್ನು ಆರು ಸ್ನಾಯುಗಳೂ ಒಂದು ದಪ್ಪ ನರವೂ ಹಿಡಿದಿವೆ. ಆ ನರ ತುಂಡಾದರೆ ಅದನ್ನು ಮತ್ತೆ ಜೋಡಿಸಿ ದೃಷ್ಟಿ ತರುವ ವಿದ್ಯೆ ಇಂದಿಗೂ ಯಾರ ಬಳಿಯೂ ಇಲ್ಲ. ಆದ್ದರಿಂದ ಕಣ್ಣು ತೆಗೆದು ಇಡುವ ಆಪರೇಷನ್ ಎಂಬುದೇ ಇಲ್ಲ. ಕಣ್ಣು ಅದರ ಜಾಗದಲ್ಲಿಯೇ ಇರುತ್ತದೆ.

‘ಮಧ್ಯದಲ್ಲಿ ರೆಪ್ಪೆ ಮುಚ್ಚಿಬಿಟ್ಟರೆ?’ ಮುಚ್ಚಲಾಗುವುದಿಲ್ಲ. ರೆಪ್ಪೆಗಳನ್ನು ಮೆತ್ತಗೆ ಅಗಲಿಸಿ ಹಿಡಿಯುವ ಸಣ್ಣ ಕ್ಲಿಪ್ ಹಾಕಿರುತ್ತಾರೆ. ಮಿಟುಕಿಸದೆ ಇರುವ ಜವಾಬ್ದಾರಿ ನಿಮ್ಮದಲ್ಲ.

‘ಕೆಮ್ಮು, ಸೀನು ಬಂದರೆ?’ ತಡೆದುಕೊಳ್ಳಲು ಹೆಣಗಬೇಡಿ. ‘ಡಾಕ್ಟ್ರೇ, ಕೆಮ್ಮು ಬರ್ತಿದೆ’ ಎಂದು ಮೊದಲು ಹೇಳಿ. ಅವರು ಉಪಕರಣ ಹೊರಗೆ ತೆಗೆದು ಅವಕಾಶ ಕೊಡುತ್ತಾರೆ. ಹೇಳದೆ ಅಲುಗಬಾರದು ಎಂಬುದೊಂದೇ ನಿಯಮ. ಕೆಮ್ಮು ಹೆಚ್ಚಿದ್ದರೆ ಆಪರೇಷನ್‌ನ ದಿನ ಗೊತ್ತುಮಾಡುವಾಗಲೇ ತಿಳಿಸಿ.

‘ನೋವಾಗುತ್ತದೆಯೇ?’ ಹನಿಯಿಂದಲೇ ಮರಗಟ್ಟಿಸುವ ವಿಧಾನದಲ್ಲಿ ಮುಟ್ಟಿದ್ದು, ಸ್ವಲ್ಪ ಒತ್ತಿದ್ದು, ನೀರಿನ ತಂಪು ತಿಳಿಯಬಹುದು. ಇಂಜೆಕ್ಷನ್ ಕೊಡುವ ವಿಧಾನದಲ್ಲಿ ಸೂಜಿಯ ಕ್ಷಣದಲ್ಲಿ ನೋವಿರುತ್ತದೆ, ಆಮೇಲೆ ಕಣ್ಣು ಪೂರ್ತಿ ಮರಗಟ್ಟುತ್ತದೆ. ನಿಮ್ಮದು ಯಾವ ವಿಧಾನ ಎಂದು ಮೊದಲೇ ಕೇಳಿ ತಿಳಿದುಕೊಳ್ಳಿ. ಚುರುಕು ನೋವು ಕಂಡರೆ ಆಗಲೇ ಹೇಳಿ, ಔಷಧ ಹೆಚ್ಚಿಸುತ್ತಾರೆ. ಮೊದಲ ಕಣ್ಣಿಗಿಂತ ಎರಡನೆಯದಕ್ಕೆ ತುಸು ಹೆಚ್ಚು ನೋವಾಯಿತು ಎಂದು ಹಲವರು ಹೇಳುವುದುಂಟು. ಇದೂ ಗೊತ್ತಿರಲಿ, ಗೊತ್ತಿದ್ದರೆ ‘ಏನೋ ಎಡವಟ್ಟಾಯಿತು’ ಎಂಬ ದಿಗಿಲು ಹುಟ್ಟುವುದಿಲ್ಲ.

‘ಇರುವ ದೃಷ್ಟಿಯೂ ಹೋದರೆ?’ ಇದಕ್ಕೆ ‘ಏನೂ ಆಗುವುದಿಲ್ಲ’ ಎಂಬ ಉತ್ತರ ಪ್ರಾಮಾಣಿಕವಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ನಡೆಯುವ, ಅತಿ ಹೆಚ್ಚು ಯಶಸ್ಸು ಕಾಣುವ ಆಪರೇಷನ್‌ಗಳಲ್ಲಿ ಇದೂ ಒಂದು. ಹಾಗಿದ್ದೂ ಕಣ್ಣಿನೊಳಗೆ ತೀವ್ರ ಸೋಂಕು ತಗಲುವ ಅಪಾಯ ಇದೆ. ಅದು ಸಾವಿರಕ್ಕೆ ಒಂದರ ಆಸುಪಾಸಿನದು. ಅದನ್ನು ತಡೆಯಲೆಂದೇ ಅಯೋಡಿನ್ ಹನಿ, ಆಂಟಿಬಯೋಟಿಕ್, ಆಪರೇಷನ್ ನಂತರದ ಎಚ್ಚರಿಕೆಗಳು ಇರುವುದು. ಅಪಾಯವನ್ನು ಮುಚ್ಚಿಟ್ಟರೆ ನಂಬಿಕೆ ಬೆಳೆಯುವುದಿಲ್ಲ. ಅದು ಎಷ್ಟು, ಅದಕ್ಕೆ ಏನು ಮಾಡುತ್ತಾರೆ ಎಂದು ಹೇಳಿದರೆ ಬೆಳೆಯುತ್ತದೆ.

‘ಪೊರೆ ಇನ್ನೂ ಬಲಿಯಬೇಕಲ್ಲವೇ?’ ಇದು ಹಳೆಯ ವಿಧಾನದ ಕಾಲದ ಮಾತು. ಈಗ ದಿನನಿತ್ಯದ ಕೆಲಸಕ್ಕೆ ತೊಡಕಾದಾಗಲೇ ತೆಗೆಸಬಹುದು. ತೀರಾ ಬಲಿತು ಗಟ್ಟಿಯಾದರೆ ಆಪರೇಷನ್ ಕಷ್ಟವಾಗುತ್ತದೆ. ಕಣ್ಣಿನ ಒತ್ತಡ ಏರಿ ದೃಷ್ಟಿನರಕ್ಕೆ ಶಾಶ್ವತ ಹಾನಿಯಾಗಲೂಬಹುದು.

ಥಿಯೇಟರಿನ ಒಳಗೆ

ಗೊತ್ತಿಲ್ಲದ ಶಬ್ದ ಹೆದರಿಸುತ್ತದೆ, ಗೊತ್ತಿರುವ ಶಬ್ದ ಹೆದರಿಸುವುದಿಲ್ಲ. ಆದ್ದರಿಂದ ಆ ದಿನವನ್ನು ಕ್ರಮವಾಗಿ ತಿಳಿದುಕೊಳ್ಳುವುದು ಒಳ್ಳೆಯದು.

ಮೊದಲು ಪಾಪೆ ಅಗಲಿಸುವ ಹನಿಗಳನ್ನು ಮತ್ತೆಮತ್ತೆ ಹಾಕುತ್ತಾರೆ. ಉರಿಯುತ್ತದೆ, ಕಣ್ಣು ಮತ್ತಷ್ಟು ಮಂಜಾಗುತ್ತದೆ. ಹಣೆಗೆ ಗುರುತಿನ ಪಟ್ಟಿ ಅಂಟಿಸಬಹುದು. ಯಾವ ಕಣ್ಣು ಎಂಬುದು ತಪ್ಪಬಾರದೆಂದು. ಹೆಸರು, ಯಾವ ಕಣ್ಣು ಎಂದು ಹಲವರು ಹಲವು ಸಲ ಕೇಳುತ್ತಾರೆ. ಇವರಿಗೇ ಗೊತ್ತಿಲ್ಲವೇ ಎಂದು ಗಾಬರಿಯಾಗಬೇಡಿ. ಅದು ಸುರಕ್ಷತೆಯ ಕ್ರಮ.

ಒಳಗೆ ಚಳಿ ಇರುತ್ತದೆ. ಅಂಗಾತ ಮಲಗಿಸಿ, ಮುಖದ ಮೇಲೆ ಬಟ್ಟೆ ಹೊದಿಸಿ, ಆಪರೇಷನ್ ಆಗುವ ಕಣ್ಣನ್ನು ಮಾತ್ರ ತೆರೆದಿಡುತ್ತಾರೆ. ಬಹಳ ಜನಕ್ಕೆ ಉಸಿರು ಕಟ್ಟಿದಂತಾಗುವುದು ಈ ಹೊತ್ತಿನಲ್ಲಿಯೇ. ಮನೆಯಲ್ಲಿಯೇ ಇದನ್ನು ಅಭ್ಯಾಸ ಮಾಡಬಹುದು: ತೆಳು ದಿಂಬಿನ ಮೇಲೆ ಅಂಗಾತ ಮಲಗಿ, ತೆಳುವಾದ ಪಂಚೆಯನ್ನೋ ಸೀರೆಯ ಸೆರಗನ್ನೋ ಮುಖದ ಮೇಲೆ ಸಡಿಲವಾಗಿ ಹಾಕಿಕೊಂಡು, ಹದಿನೈದು ಇಪ್ಪತ್ತು ನಿಮಿಷ ನಿಧಾನವಾಗಿ ಉಸಿರಾಡುವುದು. ಮಲಗಲು ಬೆನ್ನುನೋವು, ದಮ್ಮು ಅಡ್ಡಿಯಾದರೆ ಈ ಅಭ್ಯಾಸದಲ್ಲಿಯೇ ಗೊತ್ತಾಗುತ್ತದೆ. ಡಾಕ್ಟರಿಗೆ ಮೊದಲೇ ಹೇಳಬಹುದು. ಬಟ್ಟೆಯ ಕೆಳಗೆ ಗಾಳಿಯಾಡುವ ವ್ಯವಸ್ಥೆ, ಬೇಕಾದರೆ ಆಮ್ಲಜನಕದ ಕೊಳವೆ ಇಡುತ್ತಾರೆ.

ಆಮೇಲೆ ಮೈಕ್ರೋಸ್ಕೋಪಿನ ಪ್ರಖರ ಬೆಳಕು. ಮೊದಲ ಕ್ಷಣ ಸಹಿಸುವುದು ಕಷ್ಟ, ಬರಬರುತ್ತಾ ಒಗ್ಗುತ್ತದೆ. ಯಂತ್ರದ ಗುಂಯ್ ಎನ್ನುವ ಶಬ್ದ ಏರುತ್ತದೆ, ಇಳಿಯುತ್ತದೆ. ಕೆನ್ನೆಯ ಮೇಲೆ ನೀರು ಹರಿಯುತ್ತದೆ. ಅದು ಕಣ್ಣು ತೊಳೆಯುವ ದ್ರಾವಣ, ರಕ್ತವಲ್ಲ. ಈ ಒಂದು ಸಂಗತಿಯನ್ನು ಮೊದಲೇ ಹೇಳಿದರೆ ಎಷ್ಟು ಜನರ ಎದೆಬಡಿತ ತಗ್ಗುತ್ತದೆಯೋ! ಕಣ್ಣೊಳಗೆ ಕೆಂಪು, ನೀಲಿ, ಹಳದಿ ಬಣ್ಣಗಳು ತೇಲಬಹುದು, ನೆರಳಿನಂತೆ ಏನೋ ಚಲಿಸಿದ್ದು ಕಾಣಬಹುದು, ಕೆಲಹೊತ್ತು ಏನೂ ಕಾಣದೆಯೂ ಹೋಗಬಹುದು. ಇವೆಲ್ಲವೂ ಸಹಜ. ಸಿಂಗಪುರದ ನೇತ್ರವೈದ್ಯರು ಈ ದೃಶ್ಯಾನುಭವಗಳ ಬಗ್ಗೆ ವಿವರವಾಗಿ ಅಧ್ಯಯನ ಮಾಡಿದ್ದಾರೆ. ಕೆಲವರಿಗೆ ಈ ನೋಟಗಳೇ ಭಯ ಹುಟ್ಟಿಸುತ್ತವೆ, ಮೊದಲೇ ತಿಳಿಸಿ ಹೇಳಿದರೆ ಆ ಭಯ ಕಡಿಮೆಯಾಗುತ್ತದೆ ಎಂದು ಅವರು ಕಂಡುಕೊಂಡರು.

ಇನ್ನೊಂದು ಸರಳ ಉಪಾಯ ಕೈ ಹಿಡಿಯುವುದು. 2001ರಲ್ಲಿ ಪ್ರಕಟವಾದ ಕೊರಿಯಾದ ಅಧ್ಯಯನವೊಂದರಲ್ಲಿ, ಪೊರೆಯ ಆಪರೇಷನ್ ನಡೆಯುವಾಗ ಕೈ ಹಿಡಿದುಕೊಂಡಿದ್ದವರ ಆತಂಕವೂ ರಕ್ತದಲ್ಲಿನ ಅಡ್ರಿನಲಿನ್ ಅಂಶವೂ ಕಡಿಮೆಯಿದ್ದದ್ದು ಕಂಡುಬಂತು. ಇದಕ್ಕೆ ಯಂತ್ರ ಬೇಡ, ಹಣ ಬೇಡ. ‘ನರ್ಸಮ್ಮ, ನನ್ನ ಕೈ ಸ್ವಲ್ಪ ಹಿಡಿದುಕೊಳ್ಳುತ್ತೀರಾ’ ಎಂದು ಕೇಳಲು ಸಂಕೋಚ ಬೇಡ. ಭಯಕ್ಕೂ ಬಿಪಿಗೂ ನೇರ ನಂಟಿದೆ. ಆಪರೇಷನ್ ದಿನ ಬಿಪಿ ತೀರಾ ಏರಿದರೆ ದಿನ ಮುಂದೆ ಹೋಗುತ್ತದೆ, ಮತ್ತೆ ಅಷ್ಟೇ ಆತಂಕ ಮರುಕಳಿಸುತ್ತದೆ. ಎಷ್ಟು ಹೇಳಿದರೂ ಭಯ ತಗ್ಗದವರಿಗೆ, ಅಲುಗದೆ ಮಲಗಲಾಗದವರಿಗೆ, ಮರೆವಿನ ಕಾಯಿಲೆ ಇರುವವರಿಗೆ ಮಂಪರು ತರುವ ಔಷಧವೋ ಪೂರ್ಣ ಅರಿವಳಿಕೆಯೋ ಕೊಡುವ ದಾರಿಯೂ ಇದೆ. ಕೇಳಿ.

ಮನೆಯವರ ಪಾಲು

ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಮೊದಲು ಬಿಡಬೇಕಾದ ಮಾತು ‘ಏನೂ ಆಗಲ್ಲ, ಸುಮ್ನಿರಿ’ ಎಂಬುದು. ಅದರ ಬದಲು ‘ನಿಮಗೆ ಯಾವುದಕ್ಕೆ ಹೆದರಿಕೆ ಆಗ್ತಿದೆ ಹೇಳಿ’ ಎಂದು ಕೇಳಿ. ಒಬ್ಬರಿಗೆ ಸೂಜಿಯ ಭಯ, ಇನ್ನೊಬ್ಬರಿಗೆ ಮುಖ ಮುಚ್ಚುವ ಭಯ, ಮತ್ತೊಬ್ಬರಿಗೆ ಖರ್ಚಿನ ಚಿಂತೆ. ಯಾವುದೆಂದು ತಿಳಿದರೆ ಅದಕ್ಕೆ ತಕ್ಕ ಉತ್ತರ ಕೊಡಬಹುದು. ಜಿಲ್ಲಾ ಆಸ್ಪತ್ರೆಗಳಲ್ಲಿ, ಬೆಂಗಳೂರಿನ ಮಿಂಟೊದಂಥ ಸರ್ಕಾರಿ ಕಣ್ಣಿನ ಆಸ್ಪತ್ರೆಗಳಲ್ಲಿ ಈ ಆಪರೇಷನ್ ಆಗುತ್ತದೆ ಎಂದು ತಿಳಿದರೆ ಖರ್ಚಿನ ಚಿಂತೆಯವರಿಗೆ ಅರ್ಧ ಸಮಾಧಾನ.

ಮನೆಯ ಹೆಂಗಸರು ಹೇಳದೆ ಉಳಿಸುವ ಕಾರಣವೊಂದಿದೆ: ತಾವು ಮಲಗಿದರೆ ಒಲೆ ಯಾರು ನೋಡುತ್ತಾರೆ ಎಂಬುದು. ಆಪರೇಷನ್ ನಂತರ ಕೆಲವು ದಿನ ಹೊಗೆ, ಒಗ್ಗರಣೆಯ ಘಾಟು, ಭಾರ ಎತ್ತುವುದು, ಬಗ್ಗಿ ನೆಲ ಒರೆಸುವುದು ಬೇಡ. ಈ ಕೆಲಸಗಳನ್ನು ಯಾರು ಮಾಡುತ್ತಾರೆ ಎಂದು ಮನೆಯಲ್ಲಿ ಮೊದಲೇ ತೀರ್ಮಾನಿಸಿ, ಅವರಿಗೆ ತಿಳಿಸಿ. ಅಮ್ಮನಿಗೆ ಇದಕ್ಕಿಂತ ದೊಡ್ಡ ಧೈರ್ಯ ಬೇರೆ ಸಿಗದು.

‘ಸುಮ್ಮನೆ ಚೆಕಪ್’ ಎಂದು ಸುಳ್ಳು ಹೇಳಿ ಕರೆದುಕೊಂಡು ಹೋಗುವುದು ತಪ್ಪು. ಕಣ್ಣು ಅವರದು, ತೀರ್ಮಾನವೂ ಅವರದಾಗಬೇಕು. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿಸಿ, ಆಮೇಲೆ ಸಹಿ ಮಾಡಲಿ, ಹೆಬ್ಬೆಟ್ಟು ಒತ್ತಲಿ. ಈಚೆಗೆ ಆಪರೇಷನ್ ಮಾಡಿಸಿಕೊಂಡ ಅವರದೇ ವಯಸ್ಸಿನ ನೆಂಟರನ್ನೋ ನೆರೆಯವರನ್ನೋ ಮನೆಗೆ ಕರೆಸಿ ಮಾತಾಡಿಸಿ. ಕಿವಿ ಮಂದವಿದ್ದವರಾದರೆ ಮೊದಲೇ ಸಿಬ್ಬಂದಿಗೆ ಹೇಳಿ, ಮುಟ್ಟಿ ತಿಳಿಸುವ ಸನ್ನೆಗಳನ್ನು ಗೊತ್ತುಮಾಡಿಕೊಳ್ಳಿ. ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನೂ ಡಾಕ್ಟರಿಗೆ ತೋರಿಸಿ. ಪ್ರಾಸ್ಟೇಟ್ ತೊಂದರೆಗೆ ಕೊಡುವ ಟ್ಯಾಮ್ಸುಲೊಸಿನ್‌ನಂಥ ಔಷಧ ಆಪರೇಷನ್ ವೇಳೆ ಪಾಪೆಯ ಮೇಲೆ ಪರಿಣಾಮ ಬೀರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆಗಳೂ ಅವರಿಗೆ ಗೊತ್ತಿರಬೇಕು. ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ.

ಪಟ್ಟಿ ಬಿಚ್ಚಿದ ಮೇಲೆ

ಪಟ್ಟಿ ಬಿಚ್ಚಿದ ದಿನವೇ ಎಲ್ಲವೂ ಫಳಫಳ ಹೊಳೆಯುತ್ತದೆ ಎಂದು ಕಾದವರಿಗೆ ನಿರಾಸೆಯಾಗಬಹುದು. ಕೆಲವರಿಗೆ ಮರುದಿನವೇ ಚೆನ್ನಾಗಿ ಕಾಣುತ್ತದೆ, ಕೆಲವರಿಗೆ ದಿನಗಳು, ವಾರಗಳು ಬೇಕು. ಕಣ್ಣಲ್ಲಿ ಮರಳು ಬಿದ್ದಂತೆ ಚುಚ್ಚುವುದು, ನೀರು ಸುರಿಯುವುದು, ಬೆಳಕಿಗೆ ಕಣ್ಣು ಕಿವುಚುವುದು ಕೆಲವು ದಿನ ಇರುತ್ತದೆ. ಬಣ್ಣಗಳು ಬದಲಾಗಿ ಕಾಣುತ್ತವೆ. ಹಳದಿಗಟ್ಟಿದ ಹಳೆಯ ಲೆನ್ಸ್ ನೀಲಿ ಬೆಳಕನ್ನು ತಡೆಹಿಡಿದಿತ್ತು. ಅದು ಹೋದಾಗ ಬಿಳಿಯೂ ನೀಲಿ ಛಾಯೆಯಲ್ಲಿ ಕಾಣುತ್ತದೆ. ಮೋನೆಯನ್ನು ಕಂಗೆಡಿಸಿದ್ದೂ ಇದೇ. ಕ್ರಮೇಣ ಮೆದುಳು ಹೊಂದಿಕೊಳ್ಳುತ್ತದೆ. ಕನ್ನಡಿಯಲ್ಲಿ ತಮ್ಮದೇ ಮುಖದ ಸುಕ್ಕುಗಳು ಸ್ಪಷ್ಟವಾಗಿ ಕಂಡು ಸಂಕಟಪಡುವವರೂ ಉಂಟು. ಆ ಮುಖ ಹಾಗಾದದ್ದು ಒಂದೇ ದಿನದಲ್ಲಲ್ಲ ಎಂದು ಪ್ರೀತಿಯಿಂದ ಹೇಳುವವರು ಪಕ್ಕದಲ್ಲಿರಬೇಕು.

ಸಾಮಾನ್ಯವಾಗಿ ಹಾಕುವ ಲೆನ್ಸ್ ದೂರದ ನೋಟಕ್ಕೆ ಹೊಂದಿಸಿದ್ದು. ಪತ್ರಿಕೆ ಓದಲು, ಸೂಜಿಗೆ ದಾರ ಪೋಣಿಸಲು ಕನ್ನಡಕ ಬೇಕಾಗುತ್ತದೆ. ಇದು ಗೊತ್ತಿಲ್ಲದವರು ಆಪರೇಷನ್ ಕೆಟ್ಟಿತು ಎಂದುಕೊಳ್ಳುತ್ತಾರೆ. ಡಯಾಬಿಟಿಸ್‌ನಿಂದ ರೆಟಿನಾ ಹಾಳಾಗಿದ್ದರೆ, ಗ್ಲಾಕೋಮಾ ಇದ್ದರೆ ದೃಷ್ಟಿ ಪೂರ್ತಿ ಮರಳದಿರಬಹುದು. ‘ನನ್ನ ಕಣ್ಣಿಗೆ ಎಷ್ಟು ನೋಟ ಬರಬಹುದು?’ ಎಂದು ಆಪರೇಷನ್‌ಗೆ ಮೊದಲೇ ಕೇಳಿ. ತಿಂಗಳೋ ವರ್ಷವೋ ಕಳೆದ ಮೇಲೆ ಮತ್ತೆ ಮಂಜಾದರೆ ಪೊರೆ ಪುನಃ ಬಂದಿತೆಂದು ಕುಸಿಯಬೇಡಿ. ಸಾಮಾನ್ಯವಾಗಿ ಲೆನ್ಸಿನ ಹಿಂದಿನ ತೆಳು ಪದರ ಮಸುಕಾಗಿರುತ್ತದೆ, ಕೆಲವೇ ನಿಮಿಷದ ಲೇಸರ್‌ನಿಂದ ತಿಳಿಯಾಗುತ್ತದೆ.

ಹನಿಗಳನ್ನು ಹೇಳಿದಷ್ಟು ವಾರ ತಪ್ಪದೆ ಹಾಕಿ. ತಲೆಸ್ನಾನ ಯಾವಾಗ, ಹೊಲದ ಕೆಲಸ ಯಾವಾಗ ಎಂದು ಬರೆಸಿಕೊಂಡು ಬನ್ನಿ. ನೋವು ಹೆಚ್ಚುತ್ತಾ ಹೋದರೆ, ಕಣ್ಣು ಕೆಂಪೇರಿದರೆ, ಬಂದ ನೋಟ ಇಳಿದರೆ, ಮಿಂಚು ಹೊಡೆದಂತೆ ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ.

ಮುಂದೂಡಿದರೆ ಏನು ನಷ್ಟ ಎಂಬುದಕ್ಕೂ ಲೆಕ್ಕವಿದೆ. ದೇಶದ 2015–19ರ ಅಂಧತ್ವ ಸಮೀಕ್ಷೆಯಲ್ಲಿ, ಐವತ್ತು ದಾಟಿದವರ ಕುರುಡಿನಲ್ಲಿ ಶೇ 66.2ರಷ್ಟಕ್ಕೆ ಚಿಕಿತ್ಸೆಯಾಗದ ಪೊರೆಯೇ ಕಾರಣ ಎಂದು ಕಂಡುಬಂತು. ಬ್ರಿಟನ್ನಿನ ನಾಟಿಂಗ್‌ಹ್ಯಾಮ್‌ನಲ್ಲಿ ಎಪ್ಪತ್ತು ದಾಟಿದ ಮಹಿಳೆಯರ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೇಗ ಆಪರೇಷನ್ ಆದವರು ಕಾಯುತ್ತಿದ್ದವರಿಗಿಂತ ಶೇ 34ರಷ್ಟು ಕಡಿಮೆ ಬಿದ್ದಿದ್ದರು. ಆ ವಯಸ್ಸಿನಲ್ಲಿ ಬಿದ್ದು ಸೊಂಟ ಮುರಿದರೆ ಎಷ್ಟೋ ಜನ ಮತ್ತೆ ಮೊದಲಿನಂತೆ ಓಡಾಡುವುದಿಲ್ಲ.

ಆಸ್ಪತ್ರೆಗಳಿಗೆ ನನ್ನ ಕೋರಿಕೆ ಒಂದೇ. ಪೊರೆಯ ಆಪರೇಷನ್‌ಗೆ ದಿನ ಕೊಡುವಾಗ ಅರ್ಧ ಗಂಟೆ ಮಾತಿಗೂ ದಿನ ಕೊಡಿ. ಕನ್ನಡದಲ್ಲಿ, ಆಯಾ ಸೀಮೆಯ ಆಡುಮಾತಿನಲ್ಲಿ, ಏನು ಕಾಣುತ್ತದೆ, ಏನು ಕೇಳುತ್ತದೆ, ಕೆನ್ನೆಯ ಮೇಲೆ ಹರಿಯುವುದು ಏನು ಎಂದು ಹೇಳಲು ಒಬ್ಬರನ್ನು ನೇಮಿಸಿ. ಥಿಯೇಟರಿನಲ್ಲಿ ಕೈ ಹಿಡಿಯಲು ಒಬ್ಬರನ್ನು ನಿಲ್ಲಿಸಿ. ಮನೆಯವರಿಗೆ ಹೇಳುವುದೂ ಇಷ್ಟೇ: ನಿಮ್ಮ ಅಪ್ಪ, ಅಮ್ಮ, ಅಜ್ಜ, ಅಜ್ಜಿ ಪೊರೆಯ ಆಪರೇಷನ್ ಮುಂದೂಡುತ್ತಿದ್ದರೆ ಈ ವಾರವೇ ಅವರ ಬಳಿ ಕುಳಿತು, ಯಾವುದಕ್ಕೆ ಹೆದರಿಕೆ ಎಂದು ಕೇಳಿ. ಪೂರ್ತಿ ಹೇಳಿ ಮುಗಿಸುವವರೆಗೆ ನಡುವೆ ಬಾಯಿ ಹಾಕದೆ ಕೇಳಿ. ಆಮೇಲೆ ಅವರ ಪ್ರಶ್ನೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು, ಅವರನ್ನು ಜೊತೆಯಲ್ಲಿಯೇ ಕರೆದುಕೊಂಡು ಡಾಕ್ಟರ ಬಳಿ ಹೋಗಿ.